ಒಂದೆಳೆ ಹೋದರೆ ಎರಡೆಳೆ

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಜಗಲಿಯಲ್ಲಿ, ಕ್ಯಾಲೆಂಡರಿನ ಪಕ್ಕ, ಒಂದು ಮರದ ಹಲಗೆ ಇತ್ತು. ಅದರ ಮೇಲೆ ಕಬ್ಬಿಣದ ಮೇನ್ ಸ್ವಿಚ್ಚು, ನಾಲ್ಕು ಬಿಳಿ ಪಿಂಗಾಣಿ ಫ್ಯೂಸು, ಆಯುಧಪೂಜೆಗೊಮ್ಮೆ ಹಚ್ಚಿ ಹಚ್ಚಿ ಪದರಗಟ್ಟಿದ ಕುಂಕುಮ. ಮಳೆಗಾಲದ ರಾತ್ರಿ ಫ್ಯೂಸು ಹೋಯಿತೆಂದರೆ ಬ್ಯಾಟರಿ ಹಿಡಿಯುವ ಕೆಲಸ ನನ್ನದು. ಅಪ್ಪ ಯಾವುದೋ ಹಳೇ ವೈರಿನ ತುಂಡು ಸುಲಿದು, ಒಂದು ತಾಮ್ರದ ಎಳೆ ತೆಗೆದು ಕಟ್ಟುತ್ತಿದ್ದರು. ಅದೂ ಹೋದರೆ ಎರಡೆಳೆ. ಅದಕ್ಕೂ ಬಗ್ಗದಿದ್ದರೆ ಮೂರು. ಮೂರೆಳೆ ಕಟ್ಟಿದ ಫ್ಯೂಸು ಮತ್ತೆ ಹೋದದ್ದು ನನಗೆ ನೆನಪಿಲ್ಲ. ಅಪ್ಪನ ಕೈಗುಣ ಅಂದುಕೊಂಡಿದ್ದೆವು.

ಮನೆ ಕಾಯುವವನನ್ನೇ ಹಗ್ಗ ಹಾಕಿ ಕಟ್ಟಿಹಾಕಿದ್ದೆವು ಎಂದು ತಿಳಿದದ್ದು ಹೋದ ಬೇಸಿಗೆಯಲ್ಲಿ, ಆ ಹಲಗೆ ಇಳಿಸುವಾಗ. ಫ್ಯೂಸ್ ತಂತಿಗೆ ಲೆಕ್ಕವಿದೆ: 5 ಆಂಪಿಯರಿಗೆ ತವರ ಹಚ್ಚಿದ 0.2 ಮಿ.ಮೀ. ತಾಮ್ರದ ತಂತಿ, 15ಕ್ಕೆ 0.5 ಮಿ.ಮೀ. ಸರಿಯಾದ ತಂತಿಯೂ ಕರಗುವುದು ತನ್ನ ಅಳತೆಯ ಹೆಚ್ಚುಕಮ್ಮಿ ಎರಡರಷ್ಟು ಕರೆಂಟು ಹರಿದಾಗ. ಮೂರೆಳೆ ಕಟ್ಟಿದಲ್ಲಿ ಫ್ಯೂಸಿಗಿಂತ ಮೊದಲು ಅಟ್ಟದ ವೈರೇ ಸುಡುತ್ತದೆ. ಆ ವೈರಾದರೂ ಎಂಥದ್ದು? ಮರದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಬಡಿದು, ನಾಲ್ಕು ಬಲ್ಬು, ಒಂದು ರೇಡಿಯೋ ನಡೆಯಲಿ ಎಂದು ಎಳೆದದ್ದು. ಅದೇ ವೈರಿಗೆ ಈಗ ಫ್ರಿಜ್ಜು, ಮಿಕ್ಸಿ, 2 ಕಿಲೋವ್ಯಾಟಿನ ಗೀಸರು ಜೋತುಬಿದ್ದಿದ್ದವು. ಗೀಸರೊಂದೇ 9 ಆಂಪಿಯರ್ ಎಳೆಯುತ್ತದೆ.

ಮೇನ್ ಸ್ವಿಚ್ಚಿನ ಮುಚ್ಚಳ ತೆಗೆದ ಎಲೆಕ್ಟ್ರಿಷಿಯನ್ ತುಸು ಹೊತ್ತು ಮಾತಾಡಲಿಲ್ಲ. ಫೇಸಿಗೂ ಫ್ಯೂಸು, ನ್ಯೂಟ್ರಲಿಗೂ ಫ್ಯೂಸು! ಎರಡಿದ್ದರೆ ಎರಡು ಪಟ್ಟು ಕ್ಷೇಮ ಅನ್ನಿಸಬಹುದು. ಆದರೆ ನ್ಯೂಟ್ರಲಿನ ಫ್ಯೂಸು ಮಾತ್ರ ಹೋದರೆ ಬಲ್ಬು ಆರುತ್ತದೆ, ವೈರಿನಲ್ಲಿ ಕರೆಂಟು ಹಾಗೇ ಇರುತ್ತದೆ. ಕತ್ತಲಾಯಿತು, ಇನ್ನು ಭಯವಿಲ್ಲ ಎಂದು ಕೈಹಾಕಿದವನ ಗತಿ ಏನು?

ಹೊಸ ಪೆಟ್ಟಿಗೆಗೆ ಫ್ಯೂಸಿನ ಬದಲು, ತಾನೇ ಬೀಳುವ ಸ್ವಿಚ್ಚುಗಳಾದ ಎಂಸಿಬಿಗಳು ಬಂದವು. ಹೊಸದೆಂದರೆ ನಮಗೆ, ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಹ್ಯೂಗೋ ಸ್ಟಾಟ್ಸ್ ಕಂಪನಿ ಇದಕ್ಕೆ ಪೇಟೆಂಟ್ ಪಡೆದದ್ದು 1924ರಲ್ಲೇ. ಒಳಗೆ ಎರಡು ಲೋಹ ಬೆಸೆದ ಪಟ್ಟಿ, ಲೋಡು ಹೆಚ್ಚಾದರೆ ಕಾದು ಬಾಗಿ ಸ್ವಿಚ್ಚು ಬೀಳಿಸುತ್ತದೆ. ಶಾರ್ಟ್ ಆದರೆ ಅಷ್ಟು ಕಾಯಲಾಗದು; ಆಗ ತಂತಿಸುರುಳಿ ಆಯಸ್ಕಾಂತವಾಗಿ ಕ್ಷಣದಲ್ಲಿ ಕಡಿಯುತ್ತದೆ.

ಆದರೆ ಎಂಸಿಬಿಯೂ ಕಾಯುವುದು ವೈರನ್ನು, ನಮ್ಮನ್ನಲ್ಲ. ಬಹಳ ಜನ ಎಡವುವುದು ಇಲ್ಲಿ. 60 ವ್ಯಾಟಿನ ಬಲ್ಬು ಉರಿಯಲು ಸುಮಾರು 260 ಮಿಲಿಆಂಪಿಯರ್ ಬೇಕು. ಮನುಷ್ಯನ ಗುಂಡಿಗೆ ನಿಲ್ಲಲು ಅದರ ಅರ್ಧವೂ ಬೇಡ. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಅದಕ್ಕೇ ಆರ್‌ಸಿಸಿಬಿ. ಮನೆಯೊಳಗೆ ಹೋದ ಕರೆಂಟು ಅಷ್ಟೂ ವಾಪಸು ಬಂತೇ ಎಂದು ಅದು ಜಿಪುಣ ಸಾಹುಕಾರನ ಹಾಗೆ ಲೆಕ್ಕ ಇಡುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಸಾಕು, ಇಡೀ ಮನೆ ಕತ್ತಲು. (ಫೇಸು, ನ್ಯೂಟ್ರಲು ಎರಡನ್ನೂ ಒಟ್ಟಿಗೆ ಹಿಡಿದವನ ಕರೆಂಟು ಲೆಕ್ಕಕ್ಕೆ ಸರಿಹೋಗುತ್ತದೆ. ಅವನನ್ನು ಉಳಿಸಲು ಅದಕ್ಕಾಗದು.)

ನಮ್ಮ ಆರ್‌ಸಿಸಿಬಿ ಹಾಕಿದ ದಿನ ಮಧ್ಯಾಹ್ನವೆಲ್ಲ ಸುಮ್ಮನಿತ್ತು. ಸಂಜೆ ಆರೂವರೆಗೆ ಟಪ್ ಎಂದು ಬಿತ್ತು. ಮೇಲೆತ್ತಿದರೆ ಮತ್ತೆ ಬಿತ್ತು. ಮಾರನೇ ದಿನ ಸಂಜೆಯೂ ಅದೇ ಕತೆ. "ಬೈಪಾಸ್ ಮಾಡಿಬಿಡ್ಲಾ ಅಣ್ಣ? ಎಷ್ಟೋ ಮನೇಲಿ ಹಂಗೇ ಮಾಡಿಸ್ಕೊಂಡಿದಾರೆ" ಎಂದ ಎಲೆಕ್ಟ್ರಿಷಿಯನ್ ಹುಡುಗ. ಬೇಸರಕ್ಕೆ ನಾನು ಹೂಂ ಅನ್ನುವವನಿದ್ದೆ. ಅಷ್ಟರಲ್ಲಿ ಅಮ್ಮ, "ಸಂಜೆ ಹೊತ್ತು ಬಚ್ಚಲ ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ ಅಂತ ಎರಡು ವರ್ಷದಿಂದ ಬಡ್ಕೋತಿದೀನಿ, ಯಾರು ಕೇಳ್ತೀರಾ?" ಎಂದರು.

ಸಂಜೆ ಎಂದಾಕ್ಷಣ ಹುಡುಗ ಕೊಟ್ಟಿಗೆಗೆ ಓಡಿದ. ಅಲ್ಲಿನ ಬಲ್ಬಿಗೆ ನ್ಯೂಟ್ರಲ್ ಎಳೆಯಲು ಸೋಮಾರಿತನಪಟ್ಟು, ಹಿಂದೆ ಯಾರೋ ಅರ್ತಿಂಗ್ ತಂತಿಯನ್ನೇ ಕೊಟ್ಟುಬಿಟ್ಟಿದ್ದರು. ಇದ್ದಿಲು, ಉಪ್ಪು ತುಂಬಿದ ಅರ್ತಿಂಗ್ ಗುಂಡಿ ಒಣಗಿ ಎಷ್ಟೋ ವರ್ಷವಾಗಿತ್ತು. ಹಾಲು ಕರೆಯಲು ದೀಪ ಹಾಕಿದೊಡನೆ ಅದರ ಕರೆಂಟು ಭೂಮಿಗಿಳಿಯಲಾರದೆ ಅರ್ತಿಂಗ್ ತಂತಿ ಹಿಡಿದು ಗೀಸರಿನ ಮೈಗೆ, ಅಲ್ಲಿಂದ ನಲ್ಲಿಗೆ ಬರುತ್ತಿತ್ತು. ಆ ಬಲ್ಬು ಸದಾ ಮಂಕಾಗಿ ಉರಿಯುತ್ತಿದ್ದುದಕ್ಕೆ ನಾವು ವೋಲ್ಟೇಜು ಕಮ್ಮಿ ಎಂದು ಕರೆಂಟಿನವರನ್ನು ಬೈಯುತ್ತಿದ್ದೆವು.

ಬೋರ್ಡು ಬದಲಿಸಲು ಒಂದು ದಿನ, ಕೊಟ್ಟಿಗೆಗೆ ಹೊಸ ವೈರು ಎಳೆದು ಗುಂಡಿ ತೆಗೆಸಲು ಇನ್ನೂ ಎರಡು ದಿನ ಹಿಡಿಯಿತು. ಪೆಟ್ಟಿಗೆ ಹೊಸದಾಗಿ ವೈರು ಹಳತೇ ಉಳಿದರೆ ಅರ್ಧ ದುಡ್ಡು ದಂಡ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿ.ಮೀ. ತಾಮ್ರದ ವೈರು ಹಾಕಿಸಿದೆವು. 10 ಆಂಪಿಯರಿನ ಎಂಸಿಬಿ ಪದೇ ಪದೇ ಬೀಳುತ್ತದೆಂದು ಆ ಜಾಗಕ್ಕೆ 32ರದ್ದು ಹಾಕುವವರಿದ್ದಾರೆ. ಅದು ನಮ್ಮಪ್ಪನ ಮೂರೆಳೆಯೇ. ಕೆಲಸಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರನ್ನೇ ಕರೆಯಿರಿ. ಮೀಟರಿನ ಸೀಲು ಮುಟ್ಟುವ ಹಕ್ಕು ಅವರಿಗೂ ಇಲ್ಲ, ಕಂಬದ ಫ್ಯೂಸು ಲೈನ್‌ಮನ್ನೇ ಬಂದು ತೆಗೆಯಬೇಕು.

ಆರ್‌ಸಿಸಿಬಿಯ ಮೈಮೇಲೆ 'ಟಿ' ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ. ನಿಮ್ಮ ಮನೆಯದನ್ನು ಇವತ್ತು ಒಮ್ಮೆ ಒತ್ತಿ ನೋಡಿ. ಮನೆ ಕತ್ತಲಾಗದಿದ್ದರೆ ನಾಳೆಯೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ.