ಓದು ಮುಗಿದ ಮೇಲಿನ ಸಾಲ: ಪೋಷಕರಿಗೂ ದಾನಿಗಳಿಗೂ ಒಂದು ಲೆಕ್ಕ



ಈ ಸಲ ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬಂದವರಲ್ಲಿ ಜಿಗಣಿಯ ಗ್ರಾನೈಟ್ ಘಟಕದಲ್ಲಿ ದುಡಿಯುವ ತಂದೆಯೊಬ್ಬರಿದ್ದರು. ಮಗಳ ಅಂಕಪಟ್ಟಿಯ ಜೊತೆಗೆ, ಪದವಿ ಮುಗಿಸಿದ ಮಗನ ಬ್ಯಾಂಕ್ ಪತ್ರವನ್ನೂ ಮೇಜಿನ ಮೇಲಿಟ್ಟರು. "ತಗೊಂಡಿದ್ದು ಮೂರು ಲಕ್ಷ ಮೇಷ್ಟ್ರೇ, ಇದ್ರಲ್ಲಿ ಮೂರು ಲಕ್ಷ ತೊಂಬತ್ತು ಸಾವಿರ ಅಂತಿದೆ" ಎಂದರು. ಬ್ಯಾಂಕಿನ ಲೆಕ್ಕ ತಪ್ಪಿರಲಿಲ್ಲ. ಅದನ್ನು ಮೊದಲೇ ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ.

ಶಾಲೆಯಲ್ಲಿ ಸರಳ ಬಡ್ಡಿ ಕಲಿಸಿದವರು ನಾವು. ಇಲ್ಲಿ ಬಿಡಿಸಿ ಹೇಳುತ್ತೇವೆ. ವಿದ್ಯಾಭ್ಯಾಸ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ನಂತರ ಶುರುವಾಗುತ್ತದೆ. ಬಡ್ಡಿಯಾದರೋ ಹಣ ಬಿಡುಗಡೆಯಾದ ದಿನದಿಂದಲೇ ಬೆಳೆಯುತ್ತದೆ. ಮೂರು ವರ್ಷದ ಕೋರ್ಸಿಗೆ ವರ್ಷಕ್ಕೆ 1 ಲಕ್ಷದಂತೆ ಶೇ 10ರ ಬಡ್ಡಿಗೆ ಸಾಲ ಪಡೆದರೆ, ಮೊದಲ ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 40,000, ಎರಡನೆಯದಕ್ಕೆ 30,000, ಮೂರನೆಯದಕ್ಕೆ 20,000. ಒಟ್ಟು 90,000 ರೂಪಾಯಿ ಅಸಲಿಗೆ ಸೇರುತ್ತದೆ. ಏಳು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 6,470 ರೂಪಾಯಿ. ಮೊದಲ ವರ್ಷ ತಿಂಗಳಿಗೆ 833, ಎರಡನೆಯ ವರ್ಷ 1,667, ಆಮೇಲೆ 2,500 ಹೀಗೆ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟುತ್ತಾ ಬಂದರೆ ಕಂತು ಸುಮಾರು 4,980ಕ್ಕೆ ಇಳಿಯುತ್ತದೆ.

ಕಂತಿನ ಭಯಕ್ಕೆ ಹುಡುಗರು ಕಲಿತ ವಿದ್ಯೆಗೆ ಸಂಬಂಧವಿಲ್ಲದ ಗುತ್ತಿಗೆ ಕೆಲಸಕ್ಕೆ ಸೇರುತ್ತಾರೆ. ಕಡಿಮೆ ಹಣದ ಅಪ್ರೆಂಟಿಸ್ ತರಬೇತಿಯನ್ನು ಕೈಬಿಡುತ್ತಾರೆ. ಕಂತು ತಪ್ಪಿದರೆ ಜೊತೆಗೆ ಸಹಿ ಹಾಕಿದ ತಂದೆಯ ಸಿಬಿಲ್ ದಾಖಲೆಯೂ ಕೆಡುತ್ತದೆ. ಆಮೇಲೆ ತಂಗಿಯ ಓದಿಗೆ ಸಾಲ ಹುಟ್ಟುವುದು ಕಷ್ಟ.

ಬಡ್ಡಿಗೆ ಅಂಜಿ ಬ್ಯಾಂಕೇ ಬೇಡವೆನ್ನುವ ಮನೆಗಳೂ ನಮ್ಮಲ್ಲಿವೆ. ಆ ಅಂಜಿಕೆಯನ್ನು ನಾವು ಗೌರವಿಸುತ್ತೇವೆ. ಆದರೆ ಫೀಸಿನ ಕೊನೆಯ ದಿನ ಅಂಥವರೇ ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ತಂದದ್ದನ್ನೂ ಕಂಡಿದ್ದೇವೆ. ಅದು ವರ್ಷಕ್ಕೆ ಶೇ 36.

ಪೋಷಕರೇ, ಸಹಿ ಹಾಕುವ ಮೊದಲು ಇಷ್ಟನ್ನು ವಿಚಾರಿಸಿ:

1. ಸಿಇಟಿ ಅಥವಾ ನೀಟ್ ಮೂಲಕ ಸೀಟು ಸಿಕ್ಕಿದ್ದರೆ, ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ. ಇದಕ್ಕೆ ಶೇ 2ರ ಸೇವಾ ಶುಲ್ಕ ಮಾತ್ರ.

2. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ, ಪಿಯುಸಿ ನಂತರದ ತಾಂತ್ರಿಕ, ವೃತ್ತಿಪರ ಕೋರ್ಸುಗಳಿಗೆ ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ. ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದೆಯೇ ಎಂದು ಸೇರುವ ಮೊದಲೇ ಕೇಳಿ.

3. 4 ಲಕ್ಷದವರೆಗಿನ ವಿದ್ಯಾಭ್ಯಾಸ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳುವಂತಿಲ್ಲ.

ನಮ್ಮ ಅರ್ಜಿಯಲ್ಲಿ ಮನೆಯ ಎಲ್ಲ ವಿದ್ಯಾಭ್ಯಾಸ ಸಾಲವನ್ನೂ, ಕೈಸಾಲವನ್ನೂ ಮುಚ್ಚಿಡದೆ ಬರೆಯಿರಿ. ಸಾಲವಿದೆಯೆಂದು ಯಾರ ಅರ್ಜಿಯನ್ನೂ ತಳ್ಳಿಹಾಕುವುದಿಲ್ಲ.

ದಾನಿಗಳೇ, ಪ್ರವೇಶದ ತಿಂಗಳಲ್ಲಿ ನಿಮ್ಮ ಕೈ ಯಾವಾಗಲೂ ಧಾರಾಳ. ಓದು ಮುಗಿದ ಮೊದಲ ವರ್ಷವನ್ನೂ ನೆನಪಿಡಿ. ಝಕಾತ್‌ಗೆ ಅರ್ಹರೆಂದು ಕುರ್‌ಆನ್ ಹೇಳುವ ಎಂಟು ವರ್ಗಗಳಲ್ಲಿ ಸಾಲದ ಹೊರೆ ಹೊತ್ತವರದೂ ಒಂದು. ಝಕಾತ್ ಅಲ್ಲದ ಹಣವನ್ನು ಬಡ್ಡಿರಹಿತ ಸಾಲವಾಗಿ ಕೊಟ್ಟರೆ, ಒಬ್ಬರು ತೀರಿಸಿದ್ದು ಇನ್ನೊಬ್ಬರ ಓದಿಗಾಗುತ್ತದೆ.

ಆ ತಂದೆಯ ಮಗಳ ಈ ವರ್ಷದ ಫೀಸು ಕಟ್ಟಿದ್ದೇವೆ. ಅಣ್ಣನ ಸಾಲ ಇನ್ನೂ ಹಾಗೆಯೇ ಇದೆ.