ಎತ್ತುವುದು ಬೇರೆ, ಹೊರುವುದು ಬೇರೆ

ಕನ್ನಡದಲ್ಲಿ ‘ಎತ್ತು’ ಎಂಬ ಕ್ರಿಯಾಪದವಿದೆ, ‘ಹೊರು’ ಎಂಬುದೂ ಇದೆ. ಮೊದಲನೆಯದು ಕ್ಷಣದ ಕೆಲಸ. ಎರಡನೆಯದಕ್ಕೆ ತಾಳಿಕೆ ಬೇಕು. ಮನೆಯಂಗಳದಲ್ಲಿ ಕಾರಿನ ಸಸ್ಪೆನ್ಷನ್ ಬಿಚ್ಚಲು ಹೊರಟವರು ಈ ಅಂತರವನ್ನು ಮರೆತರೆ ಪ್ರಾಣಕ್ಕೇ ಅಪಾಯ. ಜಾಕಿ ಎತ್ತುತ್ತದೆ, ಹೊರಬೇಕಾದುದು ಮೂರು ನಾಲ್ಕು ಕಾಲಿನ ಕಬ್ಬಿಣದ ಸ್ಟ್ಯಾಂಡು. ‘ಆನು’ ಧಾತುವಿನಿಂದ ಬಂದ ‘ಆನಿಕೆ’ ಎಂಬ ಹಳೆಯ ಮಾತು ಅದಕ್ಕೆ ಸೊಗಸಾಗಿ ಒಪ್ಪುತ್ತದೆ.

ಶಿವಮೊಗ್ಗದಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೂ ಜಾಕಿಗೂ ಏನು ನಂಟು ಎಂದು ನೀವು ಕೇಳಬಹುದು. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಲ್ಲಿ ಬಹುಕಾಲ ದುಡಿದ ಹಿರಿಯರೊಬ್ಬರು ನನ್ನ ಸ್ನೇಹಿತರು. “ಮೇಷ್ಟ್ರೇ, ತೂಗೋ ಹೊರೆ ಕೆಳಗೆ ನಿಲ್ಲಬಾರದು, ಅಷ್ಟೇ ಶಾಸ್ತ್ರ” ಎನ್ನುತ್ತಾರೆ ಅವರು. ಜಾಕಿಯ ಮೇಲಿರುವ ಕಾರೂ ತೂಗುವ ಹೊರೆಯೇ.

ಪಂಕ್ಚರಾದ ಚಕ್ರ ಬದಲಿಸುವವನು ಕಾರಿನ ಪಕ್ಕದಲ್ಲಿದ್ದು ಬೇಗನೆ ಮುಗಿಸುತ್ತಾನೆ. ಶಾಕ್ ಅಬ್ಸಾರ್ಬರ್ ಬದಲಿಸುವವನಾದರೋ ಗಂಟೆಗಟ್ಟಲೆ ಅದರಡಿಯಲ್ಲಿ ಕೈ ತೂರಿಸಿರುತ್ತಾನೆ. ಮಲೆನಾಡಿನ ಮಳೆಗೆ ತುಕ್ಕು ಹಿಡಿದ ಬೋಲ್ಟು ಸುಲಭಕ್ಕೆ ಬರದು. ಸ್ಪ್ಯಾನರ್ ಹಾಕಿ ಬಲವಾಗಿ ಎಳೆದರೆ ಇಡೀ ಕಾರು ಅಲುಗುತ್ತದೆ. ಜಾಕಿಯ ಕಿರಿದಾದ ತಲೆ ಜಾರಲು ಅಷ್ಟು ಸಾಕು. ಹೈಡ್ರಾಲಿಕ್ ಜಾಕಿಗೆ ಇನ್ನೊಂದು ದೌರ್ಬಲ್ಯವುಂಟು. 17ನೆಯ ಶತಮಾನದ ಪಾಸ್ಕಲ್ ವಿವರಿಸಿದ ತತ್ತ್ವದಂತೆ ದ್ರವದ ಒತ್ತಡವೇ ಅದರ ಬಲ. ಒಳಗಿನ ಸೀಲು ಸವೆದರೆ ಎಣ್ಣೆ ಸೋರಿ ಕಾರು ಸದ್ದಿಲ್ಲದೆ ಇಳಿಯುತ್ತದೆ. 1983ರಲ್ಲಿ ಬಂದ ಪುಟ್ಟ ಮಾರುತಿ 800 ಕೂಡ ಸುಮಾರು 650 ಕಿಲೋ ತೂಗುತ್ತಿತ್ತು!

ಆದ್ದರಿಂದ ಕ್ರಮ ಹೀಗಿರಲಿ. ನೆಲ ಸಮತಟ್ಟಾಗಿ ಗಟ್ಟಿಯಾಗಿರಬೇಕು. ಆಷಾಢದಲ್ಲಿ ನೆನೆದ ಮಣ್ಣಿನಂಗಳ ತಕ್ಕುದಲ್ಲ. ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ನೆಲದಲ್ಲೇ ಉಳಿಯುವ ಚಕ್ರಗಳ ಹಿಂದೆ ಮುಂದೆ ಮರದ ತುಂಡುಗಳನ್ನು ಅಡ್ಡ ಕೊಡಿ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಅವನ್ನೇ ಎತ್ತಿದಾಗ ಅದು ಇದ್ದೂ ಇಲ್ಲದಂತೆ. ಚಕ್ರದ ನಟ್ಟುಗಳನ್ನು ಎತ್ತುವ ಮುನ್ನವೇ ತುಸು ಸಡಿಲಿಸಿ. ಕಾರಿನ ಕೈಪಿಡಿ ತೋರಿಸುವ ಜಾಗದಲ್ಲೇ ಜಾಕಿ ಕೊಟ್ಟು ಎತ್ತಿ, ಕಾರಿನ ತೂಕಕ್ಕೆ ತಕ್ಕ ಸ್ಟ್ಯಾಂಡುಗಳನ್ನು ಎರಡೂ ಕಡೆ ಇಟ್ಟು, ಜಾಕಿಯನ್ನು ನಿಧಾನವಾಗಿ ಇಳಿಸಿ ಭಾರವನ್ನು ಅವಕ್ಕೆ ಒಪ್ಪಿಸಿ. ಹೊರಗೆ ನಿಂತು ಕಾರನ್ನೊಮ್ಮೆ ಅಲುಗಿಸಿ ನೋಡಿ. ಬಿಚ್ಚಿದ ಚಕ್ರವನ್ನು ಕಾರಿನಡಿಗೆ ತಳ್ಳಿಡಿ. ಆನಿಕೆ ತಪ್ಪಿದರೂ ಬದುಕಿಕೊಳ್ಳುವಷ್ಟು ಎಡೆ ಉಳಿದೀತು.

ನಮ್ಮ ಕಡೆ ಜಂಬಿಟ್ಟಿಗೆ ಸುಲಭವಾಗಿ ಸಿಗುತ್ತದೆ. ಗೋಡೆಯಲ್ಲಿ ಹರಡಿದ ಭಾರವನ್ನು ಅದು ತಲೆಮಾರುಗಟ್ಟಲೆ ಹೊರುತ್ತದೆ, ನಿಜ. ಆದರೆ ಒಂದೇ ಕಡೆ ಒತ್ತುವ ಭಾರಕ್ಕೆ ಸೀಳಿಹೋಗಬಹುದು. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳೂ ಹಾಗೆಯೇ. ಇವುಗಳ ಮೇಲೆ ಕಾರನ್ನು ನಿಲ್ಲಿಸಬೇಡಿ. ಸ್ಪ್ರಿಂಗ್ ಸುತ್ತಿಕೊಂಡಿರುವ ಸ್ಟ್ರಟ್ಟಿನ ಮೇಲ್ತುದಿಯ ನಡುವಿನ ನಟ್ಟನ್ನೂ ಮನೆಯಲ್ಲಿ ಬಿಚ್ಚಬಾರದು. ಅದುಮಿಟ್ಟ ಸ್ಪ್ರಿಂಗ್ ಬಾಣದಂತೆ ಚಿಮ್ಮುತ್ತದೆ. ಆ ಕೆಲಸ ತಕ್ಕ ಸಲಕರಣೆಯುಳ್ಳ ಗ್ಯಾರೇಜಿನದು.

ತನ್ನ ವಾಹನವನ್ನು ತಾನೇ ರಿಪೇರಿ ಮಾಡಿಕೊಳ್ಳುವುದರಲ್ಲಿ ಒಂದು ಸುಖವಿದೆ, ನಾನು ಬೇಡವೆನ್ನಲಾರೆ. ಕೈಯನ್ನು ಒಳಗೆ ಚಾಚುವ ಮುನ್ನ, ಕಾರನ್ನು ಈಗ ಹೊತ್ತಿರುವುದು ಯಾವುದೆಂದು ಒಮ್ಮೆ ಬಗ್ಗಿ ನೋಡಿಕೊಳ್ಳಿ.