ರದ್ದಿಗೆ ಹಾಕುವ ಮುನ್ನ

ಭದ್ರಾವತಿಯ ಓಲ್ಡ್ ಟೌನ್ ಜನರಿಗೆ ಕಾಗದ ಹೊಸದಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ ಊರಿಗೆ ಹೆಸರು ತಂದಿತ್ತು. ಅಲ್ಲಿ ಕಾಗದ ತಯಾರಿಕೆ ನಿಂತಿದೆ. ಮನೆಗಳ ಅಟ್ಟದಲ್ಲಿ ಹಳೆಯ ಪುಸ್ತಕಗಳು ಉಳಿದಿವೆ. ಅವನ್ನು ಸಾಗಹಾಕಲು ಸುಲಭದ ದಾರಿ ಗುಜರಿ ಅಂಗಡಿ. ಆದರೆ ತಕ್ಕಡಿ ಕಾಗದವನ್ನಷ್ಟೇ ತೂಗುತ್ತದೆ.

ಪಠ್ಯಪುಸ್ತಕವನ್ನು ಪಠ್ಯಕ್ರಮ ಬದಲಾಗುವ ಮೊದಲೇ ಕೆಳಗಿನ ತರಗತಿಯವರಿಗೆ ಕೊಡಬೇಕು. ಕಾದಂಬರಿಗಳಿಗೆ ಹಳೆಯ ಪುಸ್ತಕದ ಅಂಗಡಿಯಲ್ಲಿ ಬೆಲೆಯುಂಟು. ಆಟದ ನಿಯಮಗಳ ಪುಸ್ತಕವಾದರೆ ಆ ಆಟ ಆಡುವವರನ್ನೇ ಹುಡುಕಬೇಕು. ಉಳಿದವು ಗ್ರಂಥಾಲಯಕ್ಕೆ ಸಲ್ಲಬಹುದು. 2021ರ ಏಪ್ರಿಲ್‌ನಲ್ಲಿ ಮೈಸೂರಿನ ಕೂಲಿಕಾರ ಸೈಯದ್ ಇಸಾಕ್ ನಡೆಸುತ್ತಿದ್ದ ಗ್ರಂಥಾಲಯದಲ್ಲಿ ಸುಮಾರು 11 ಸಾವಿರ ಪುಸ್ತಕಗಳು ಬೆಂಕಿಗೆ ಆಹುತಿಯಾದವು. ಆಗ ಅವರ ಕೈಹಿಡಿದದ್ದು ನಾನಾ ಕಡೆಯ ಜನ ಕೊಟ್ಟ ಪುಸ್ತಕಗಳೇ.